ಜೀಪನ್ನು ಹಿಂದಿನಿಂದ ನೋಡಬೇಕು



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. 1998ರ ಎಸ್.ಎಸ್.ಎಲ್.ಸಿ. ತಂಡದವಳು. ರೇಖಾಗಣಿತದ ಆಕೃತಿಗಳನ್ನು ನನಗಿಂತ ಚೆನ್ನಾಗಿ ಬರೆಯುತ್ತಿದ್ದಳು ಎಂಬುದನ್ನು ಈಗ ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಇಂದು ಅವಳು ವಾಹನ ತಯಾರಿಸುವ ಸಂಸ್ಥೆಯೊಂದರ ವಿನ್ಯಾಸ ವಿಭಾಗದಲ್ಲಿ ಕೆಲಸದಲ್ಲಿದ್ದಾಳೆ. "ಸಾರ್, ನಮ್ಮಲ್ಲಿ ಗುಡ್ಡಗಾಡಿನಲ್ಲಿ ಓಡುವ ಹೊಸ ಗಾಡಿಯೊಂದರ ಕಾನ್ಸೆಪ್ಟ್ ಶುರುವಾಗಿದೆ. ಇಡೀ ತಂಡದಲ್ಲಿ ಮಳೆಗಾಲದಲ್ಲಿ ಜೀಪು ಹತ್ತಿ ಶಾಲೆಗೆ ಹೋದವಳು ನಾನೊಬ್ಬಳೇ. ಬೇರೆ ಕಂಪನಿಗಳು ಮಾಡಿದ ಕೆಲವು ಗಾಡಿಗಳ ಚಿತ್ರ ಕಳಿಸುತ್ತೇನೆ. ನೋಡಿ, ಏನನ್ನಿಸುತ್ತದೆ ಹೇಳಿ" ಎಂದಳು.

ಚಿತ್ರಗಳನ್ನು ಎರಡು ದಿನ ನೋಡಿದೆ. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವುಗಳ ವಿವರಗಳನ್ನೂ ಓದಿದೆ. ಅವಳಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಇಲ್ಲಿಯೇ ಬರೆದರೆ ಉಳಿದವರೂ ಓದಬಹುದು, ತಪ್ಪಿದ್ದರೆ ತಿದ್ದಬಹುದು ಎಂದುಕೊಂಡು ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ಯೋಗ್ಯತೆಯ ವಿಚಾರ. ನನಗೆ ಚಾಲನಾ ಪರವಾನಗಿ ಇಲ್ಲ. ಬೈಸಿಕಲ್ಲಿನ ಆಚೆಗೆ ನಾನು ಯಾವ ವಾಹನವನ್ನೂ ನಡೆಸಿದವನಲ್ಲ. ಆದರೆ 1981ರಲ್ಲಿ ಕೆಲಸಕ್ಕೆ ಸೇರಿದಂದಿನಿಂದ 2017ರಲ್ಲಿ ನಿವೃತ್ತನಾಗುವವರೆಗೆ, ಅದರಲ್ಲಿಯೂ ಶರಾವತಿ ಹಿನ್ನೀರಿನ ಸೀಮೆಯಲ್ಲಿ ಕಳೆದ ಹದಿನಾಲ್ಕು ವರ್ಷಗಳಲ್ಲಿ, ಜೀಪಿನಲ್ಲಿ ನಾನು ಕೂರದ ಜಾಗವಿಲ್ಲ. ಮುಂದೆ ಚಾಲಕನ ಪಕ್ಕ, ಹಿಂದಿನ ಉದ್ದ ಬೆಂಚು, ಬೆಂಚುಗಳ ನಡುವಿನ ಅಕ್ಕಿ ಮೂಟೆ, ಹಿಂದೆ ಜೋತುಬೀಳುವ ಮೆಟ್ಟಿಲು, ಜಾತ್ರೆಯ ದಿನಗಳಲ್ಲಿ ಮಡ್‌ಗಾರ್ಡ್ ಕೂಡ. ಪಠ್ಯಪುಸ್ತಕ ಓದಿ ಪಡೆದ ಪದವಿಗಿಂತ ಇದೇನೂ ಕಡಿಮೆಯದಲ್ಲವೆಂದು ನನ್ನ ಭಾವನೆ.

ಕಾನ್ಸೆಪ್ಟ್ ವಾಹನವೆಂದರೆ ಏನೆಂದು ನನ್ನಂಥ ವಯಸ್ಸಾದ ಬಂಧುಗಳಿಗೆ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಅದು ಮಾರಾಟಕ್ಕೆ ಮಾಡಿದ ಗಾಡಿಯಲ್ಲ. ಮುಂದೆ ನಾವು ಇಂಥದ್ದನ್ನು ಮಾಡಬಹುದು, ನಮ್ಮ ಮನಸ್ಸು ಈ ದಿಕ್ಕಿನಲ್ಲಿ ಓಡುತ್ತಿದೆ ಎಂದು ತೋರಿಸಲು ಕಂಪನಿಗಳು ಪ್ರದರ್ಶನಗಳಲ್ಲಿ ತಂದು ನಿಲ್ಲಿಸುವ ಮಾದರಿ. ಕೆಲವು ಓಡುತ್ತವೆ, ಕೆಲವು ಹೊರಮೈ ಮಾತ್ರ. ಯಕ್ಷಗಾನದ ರಾಜವೇಷ ಕಟ್ಟಿಕೊಂಡು ಯಾರೂ ಗದ್ದೆಗೆ ಇಳಿಯುವುದಿಲ್ಲ, ಹಾಗೆಂದು ಆ ವೇಷ ಸುಳ್ಳೆಂದೂ ಅಲ್ಲ. ಕಾನ್ಸೆಪ್ಟಿನ ಸ್ಥಿತಿಯೂ ಹೆಚ್ಚುಕಡಿಮೆ ಹಾಗೆಯೇ. ಆದ್ದರಿಂದ ಅದರಲ್ಲಿ ಸ್ವಲ್ಪ ಅತಿರೇಕವಿದ್ದರೆ ಕ್ಷಮಿಸಬೇಕು. ನನ್ನ ತಕರಾರು ಅತಿರೇಕದ ಬಗ್ಗೆ ಅಲ್ಲ, ಅದು ಯಾರ ಕಡೆಗೆ ಮುಖ ಮಾಡಿದೆ ಎಂಬುದರ ಬಗ್ಗೆ.

ಈ ಜಾತಿಯ ವಾಹನದ ಹುಟ್ಟನ್ನೇ ನೋಡಿ. 1940ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯವು ಹಗುರವಾದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಪುಟ್ಟ ಗಾಡಿಯೊಂದು ಬೇಕೆಂದು 135 ಕಂಪನಿಗಳಿಗೆ ಪತ್ರ ಬರೆಯಿತು. ಮೊದಲ ಮಾದರಿಯನ್ನು 49 ದಿನಗಳೊಳಗೆ ತಂದು ನಿಲ್ಲಿಸಬೇಕೆಂಬ ಷರತ್ತು. ಅಮೆರಿಕನ್ ಬ್ಯಾಂಟಮ್ ಎಂಬ ಮುಳುಗುತ್ತಿದ್ದ ಸಣ್ಣ ಕಂಪನಿಯು ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನನ್ನು ಕರೆಸಿ ನಕ್ಷೆ ಬರೆಸಿತು. ಸೆಪ್ಟೆಂಬರ್ 23ರಂದು ಗಾಡಿ ಮೇರಿಲ್ಯಾಂಡಿನ ಸೈನ್ಯದ ಅಂಗಳದಲ್ಲಿ ನಿಂತಿತ್ತು. (ಕೊನೆಗೆ ದೊಡ್ಡ ಆದೇಶಗಳೆಲ್ಲ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾದವು. ಬುದ್ಧಿ ಕೊಟ್ಟವನಿಗೆ ಬೆಳೆ ಸಿಗದ ಕಥೆ ನಮ್ಮ ಅಡಿಕೆ ವ್ಯಾಪಾರದಲ್ಲಿ ಮಾತ್ರ ಇರುವುದಲ್ಲ.) ಸೈನ್ಯ ಮೊದಲು ಕೇಳಿದ್ದ ತೂಕ 1,300 ಪೌಂಡು, ಅಂದರೆ 590 ಕಿಲೋಗ್ರಾಂ. ಅದು ಯಾರಿಂದಲೂ ಆಗಲಿಲ್ಲ. ಯುದ್ಧದಲ್ಲಿ ಓಡಿದ ವಿಲ್ಲಿಸ್ ಜೀಪು ಸುಮಾರು 1,100 ಕಿಲೋಗ್ರಾಂ ತೂಗುತ್ತಿತ್ತು. ಆದರೂ ನಾಲ್ಕು ಜನ ಸೇರಿ ಕೆಸರಿನಿಂದ ಎತ್ತಬಹುದಾದಷ್ಟು ಹಗುರ. ಆ ಗಾಡಿಯ ಚಪ್ಪಟೆ ಮಡ್‌ಗಾರ್ಡು, ಮಡಚಿ ಬೀಳುವ ಮುಂಗಾಜು, ಬಾಗಿಲಿಲ್ಲದ ಪಕ್ಕಗಳು ಇವೆಲ್ಲ ಅಂದಕ್ಕೆಂದು ಬಂದವಲ್ಲ. ಬೇಗ ತಯಾರಾಗಬೇಕು, ಬೇಗ ಇಳಿಯಬೇಕು, ಮುರಿದರೆ ಬೇಗ ಜೋಡಿಸಬೇಕು ಎಂಬ ಅಗತ್ಯದಿಂದ ಬಂದವು. ಅದೇ ಜೀಪಿನ ಮೇಲೆ ಗಾಯಾಳುಗಳ ಸ್ಟ್ರೆಚರುಗಳನ್ನು ಅಡ್ಡಲಾಗಿಯೂ ಉದ್ದಕ್ಕೂ ಕಟ್ಟಿ ಸಾಗಿಸಿದರು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಲ್ಯಾಂಡ್ ರೋವರಿನ ಕಥೆಯೂ ಇಂಥದ್ದೇ. ಮಾರಿಸ್ ವಿಲ್ಕ್ಸ್ 1947ರಲ್ಲಿ ವೇಲ್ಸ್ ಸೀಮೆಯ ಆಂಗಲ್‌ಸಿ ದ್ವೀಪದ ಕಡಲತೀರದಲ್ಲಿ ಮರಳಿನ ಮೇಲೆ ಅದರ ಆಕಾರ ಗೀಚಿದರೆಂದು ಹೇಳುತ್ತಾರೆ. ಮೊದಲ ಮಾದರಿಯಲ್ಲಿ ಚಾಲಕನ ಚಕ್ರ ಗಾಡಿಯ ನಟ್ಟನಡುವೆ ಇತ್ತು. ಯುದ್ಧ ಮುಗಿದ ಬ್ರಿಟನ್ನಿನಲ್ಲಿ ಉಕ್ಕಿಗೆ ಪಡಿತರವಿದ್ದುದರಿಂದ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು. 1948ರ ಏಪ್ರಿಲಿನಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಅದನ್ನು ತೋರಿಸಿದರು. ಉಕ್ಕು ಇಲ್ಲದ್ದೇ ಒಂದು ಗುಣವಾಗಿ, ತುಕ್ಕು ಹಿಡಿಯದ ಮೈಯೆಂದು ಮುಂದೆ ಹೆಸರು ಪಡೆಯಿತು. ಆ ಕಾಲದ ಮಾದರಿಗಳು ಎದುರಿಗಿದ್ದ ಕೆಲಸವೊಂದಕ್ಕೆ ಕೊಟ್ಟ ಉತ್ತರಗಳಾಗಿದ್ದವು.

ಈಗ ಸ್ವಲ್ಪ ಪಾಠ. ನೀವು ತಪ್ಪಿಸಿಕೊಳ್ಳುವಂತಿಲ್ಲ.

ಒಂಬತ್ತನೆಯ ತರಗತಿಯಲ್ಲಿ ಸ್ಪರ್ಶಕ ರೇಖೆ ಕಲಿಸುವಾಗ ನಾನು ನಿಮ್ಮನ್ನು ಶಾಲೆಯ ಗೇಟಿನ ಬಳಿ ನಿಲ್ಲುತ್ತಿದ್ದ ಜೀಪಿನ ಹತ್ತಿರ ಕರೆದೊಯ್ದದ್ದು ಕೆಲವರಿಗಾದರೂ ನೆನಪಿರಬಹುದು. ಮುಂದಿನ ಚಕ್ರ ನೆಲವನ್ನು ಮುಟ್ಟುವಲ್ಲಿ ದಾರದ ಒಂದು ತುದಿ ಇಟ್ಟು, ಅದನ್ನು ಮುಂಭಾಗದ ಅತಿ ಕೆಳಗಿನ ಅಂಚಿಗೆ ತಾಗುವಂತೆ ಎಳೆದು ಹಿಡಿದರೆ ದಾರಕ್ಕೂ ನೆಲಕ್ಕೂ ನಡುವೆ ಒಂದು ಕೋನವಾಗುತ್ತದೆ. ಮೂತಿ ತಗಲದೆ ಗಾಡಿ ಎಷ್ಟು ಕಡಿದಾದ ದಿಬ್ಬಕ್ಕೆ ಬಾಯಿ ಹಾಕಬಲ್ಲದೆಂಬುದನ್ನು ಹೇಳುವುದು ಆ ಕೋನವೇ. ಎಂಜಿನಿಯರುಗಳು ಅಪ್ರೋಚ್ ಆಂಗಲ್ ಎನ್ನುತ್ತಾರೆ. ಹಿಂಬದಿಗೂ ಅಂಥದೇ ಒಂದು, ಡಿಪಾರ್ಚರ್ ಆಂಗಲ್. ಮೂರನೆಯದು ಎರಡು ಗಾಲಿಗಳ ನಡುವಿನ ಹೊಟ್ಟೆಗೆ ಸಂಬಂಧಿಸಿದ್ದು. ದಿಬ್ಬದ ನೆತ್ತಿ ದಾಟುವಾಗ ಹೊಟ್ಟೆ ನೆಲಕ್ಕೆ ಕುಕ್ಕದಿರಬೇಕಾದರೆ ಗಾಲಿಗಳ ಅಂತರ ಕಡಿಮೆಯಿರಬೇಕು, ಹೊಟ್ಟೆ ಎತ್ತರವಿರಬೇಕು. 2020ರಲ್ಲಿ ಬಂದ ಮೂರು ಬಾಗಿಲಿನ ಮಹೀಂದ್ರ ಥಾರ್ ಗಾಡಿಗೆ ಈ ಮೂರು ಕೋನಗಳು ಕ್ರಮವಾಗಿ 41.8, 36.8 ಮತ್ತು 27 ಡಿಗ್ರಿ. ಗಾಲಿಗಳ ಅಂತರ 2,450 ಮಿಲಿಮೀಟರ್. 2024ರಲ್ಲಿ ಅದನ್ನೇ ಐದು ಬಾಗಿಲಿಗೆ ಎಳೆದು ರಾಕ್ಸ್ ಎಂದು ಕರೆದರು. ಅಂತರ 2,850 ಆಯಿತು, ಹೊಟ್ಟೆಯ ಕೋನ 23.9ಕ್ಕೆ ಇಳಿಯಿತು. ಮೊದಲೆರಡು ಕೋನಗಳು ಹೆಚ್ಚೇನೂ ಬದಲಾಗಲಿಲ್ಲ. ಯಾಕೆಂದು ನಿಮಗೀಗ ಗೊತ್ತಾಗಿರಬೇಕು. ಉದ್ದ ಬೇಕೆಂದರೆ ಹೊಟ್ಟೆ ತಗಲುತ್ತದೆ, ಹೊಟ್ಟೆ ತಗಲಬಾರದೆಂದರೆ ಉದ್ದ ಸಿಗುವುದಿಲ್ಲ. ವಿನ್ಯಾಸಕಾರರು ಈ ಜಗ್ಗಾಟದಿಂದ ಪಾರಾಗಲಾರರು.

ಇನ್ನು ಅವಳು ಕಳಿಸಿದ ಚಿತ್ರಗಳಿಗೆ ಬರುತ್ತೇನೆ.

ಅತ್ಯಂತ ಹಳೆಯದು 2005ರ ಡೆಟ್ರಾಯಿಟ್ ಪ್ರದರ್ಶನದಲ್ಲಿ ಜೀಪ್ ಕಂಪನಿ ತೋರಿಸಿದ ಹರಿಕೇನ್. ಮುಂದೊಂದು, ಹಿಂದೊಂದು, ಎರಡು ಎಂಜಿನ್ನು. ಒಂದೊಂದೂ ಎಂಟು ಸಿಲಿಂಡರಿನ 5.7 ಲೀಟರಿನದು. ಒಟ್ಟು 670 ಅಶ್ವಶಕ್ತಿ. ನಾಲ್ಕೂ ಚಕ್ರಗಳು ತಿರುಗುತ್ತವೆ. ಹಾಗಾಗಿ ಗಾಡಿ ನಿಂತಲ್ಲೇ ಬುಗುರಿಯಂತೆ ಸುತ್ತಬಲ್ಲದು, ಏಡಿಯಂತೆ ಓರೆಯಾಗಿಯೂ ಚಲಿಸಬಲ್ಲದು. ಇದು ಅಂಗಡಿಗೆ ಬರಲಿಲ್ಲ. ಆದರೆ ಆ ಬುಗುರಿಯಾಟ ಸಾಯಲಿಲ್ಲ. ಮರ್ಸಿಡಿಸ್ ಕಂಪನಿ 2021ರಲ್ಲಿ ಮ್ಯೂನಿಕ್‌ನಲ್ಲಿ ತೋರಿಸಿದ ಇಕ್ಯೂಜಿ ಎಂಬ ವಿದ್ಯುತ್ ಮಾದರಿಯಲ್ಲಿ ನಾಲ್ಕು ಚಕ್ರಕ್ಕೆ ನಾಲ್ಕು ಮೋಟಾರು ಇಟ್ಟು, ಎಡಗಡೆಯವು ಒಂದು ದಿಕ್ಕಿಗೆ, ಬಲಗಡೆಯವು ವಿರುದ್ಧ ದಿಕ್ಕಿಗೆ ತಿರುಗುವಂತೆ ಮಾಡಿ ಅದೇ ಆಟವನ್ನು ಸಾಧಿಸಿದರು. 2024ರಲ್ಲಿ ಅದು ಮಾರಾಟದ ಗಾಡಿಯಲ್ಲಿಯೂ ಬಂತು. ಅದರ ತೂಕ 3,000 ಕಿಲೋಗ್ರಾಂ ಮೀರಿದೆ.

ನೋಡಲು ಸೊಗಸಾಗಿದೆ, ಮೊಮ್ಮಗ ಐದಾರು ಬಾರಿ ಹಾಕಿಸಿಕೊಂಡು ನೋಡಿದ. ನಾನು ಪೆನ್ಸಿಲ್ ತೆಗೆದುಕೊಂಡೆ. ಆ ಗಾಡಿಯ ಉದ್ದ 4.6 ಮೀಟರಿನ ಮೇಲೆ, ಅಗಲ 1.9 ಮೀಟರಿನ ಮೇಲೆ. ಪೈಥಾಗೊರಸನ ಪ್ರಮೇಯ ಮರೆತವರು ಕೈಯೆತ್ತಬೇಡಿ. ಅದರ ಕರ್ಣ ಸುಮಾರು 5 ಮೀಟರ್. ಅಂದರೆ ನಿಂತಲ್ಲೇ ಪೂರ್ತಿ ಸುತ್ತಬೇಕಾದರೆ 5 ಮೀಟರ್ ವ್ಯಾಸದ ಖಾಲಿ ಜಾಗ ಬೇಕು. ಒಂದು ಪಕ್ಕ ದರೆ, ಇನ್ನೊಂದು ಪಕ್ಕ ಕಂದಕವಿರುವ ನಮ್ಮ ಮನೆದಾರಿಗಳು ಹೆಚ್ಚೆಂದರೆ ಮೂರು ಮೀಟರ್. 5 ಮೀಟರ್ ಜಾಗವಿದ್ದರೆ ನಮ್ಮ ಚಾಲಕರು ಹಿಂದೆಮುಂದೆ ಮಾಡಿ ಹೇಗೂ ತಿರುಗಿಸುತ್ತಾರೆ. ಇಲ್ಲದ ಕಡೆ ಈ ಗಾಡಿಯೂ ತಿರುಗದು. ಅಷ್ಟೂ ಸಾಲದೆಂಬಂತೆ ಮೂರು ಟನ್ ಭಾರ ನೆಲವನ್ನು ಅರೆಯುತ್ತ ಸುತ್ತಿದರೆ ಮಳೆಗಾಲದ ಮಣ್ಣಿನ ದಾರಿಯಲ್ಲಿ ಮರುದಿನ ಬರುವವನಿಗೆ ಉಳಿಯುವುದು ಒಂದು ಹೊಂಡ.

2019ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಆಡಿ ಕಂಪನಿ ತೋರಿಸಿದ ಎಐ:ಟ್ರೇಲ್ ಎಂಬುದಕ್ಕೆ ದೀಪಗಳಿಗೆ ಬದಲಾಗಿ ಐದು ಡ್ರೋನುಗಳು. ಅವು ಗಾಡಿಯ ಮುಂದೆ ಹಾರುತ್ತ ದಾರಿಗೆ ಬೆಳಕು ಚೆಲ್ಲಬೇಕೆಂಬುದು ಕಲ್ಪನೆ. ಹಿಂದಿನ ಆಸನಗಳು ಉಯ್ಯಾಲೆಯಂತೆ ತೂಗುವ ಬಟ್ಟೆಯವು. ನೆಲದಿಂದ ಹೊಟ್ಟೆಯ ಎತ್ತರ 34 ಸೆಂಟಿಮೀಟರ್, ಅರ್ಧ ಮೀಟರ್ ನೀರು ದಾಟಬಲ್ಲದು, ಮೈಯ ಬಹುಭಾಗ ಗಾಜು. ಅದರ ಒಂದು ಲೆಕ್ಕ ನನಗೆ ಪ್ರಾಮಾಣಿಕವೆನ್ನಿಸಿತು: ಒಳ್ಳೆಯ ರಸ್ತೆಯಲ್ಲಿ 400ರಿಂದ 500 ಕಿಲೋಮೀಟರ್ ಓಡುವ ಬ್ಯಾಟರಿ, ಕೆಟ್ಟ ದಾರಿಯಲ್ಲಿ 250 ಕಿಲೋಮೀಟರಿಗೆ ಮುಗಿಯುತ್ತದೆಂದು ಅವರೇ ಹೇಳಿಕೊಂಡರು. ಎಲ್ಲರೂ ಹಾಗೆ ಹೇಳುವುದಿಲ್ಲ. ಡ್ರೋನಿನ ವಿಷಯದಲ್ಲಿ ಮಾತ್ರ ನನಗೆ ನಗು ತಡೆಯಲಾಗಲಿಲ್ಲ. ಆಷಾಢದ ಗಾಳಿಮಳೆಯಲ್ಲಿ, ಬಿದಿರುಮೆಳೆಗಳ ನಡುವೆ, ಐದು ದೀಪದ ಹಕ್ಕಿಗಳು! ಹೋಗುವಾಗ ಐದಿದ್ದರೆ ಬರುವಾಗ ಎಷ್ಟು ಉಳಿಯುತ್ತವೆಂಬುದು ನಾಲ್ಕನೆಯ ತರಗತಿಯ ವ್ಯವಕಲನ.

ಇತ್ತೀಚಿನದು 2025ರ ನವೆಂಬರಿನಲ್ಲಿ ಹುಂಡೈ ಕಂಪನಿ ಲಾಸ್ ಏಂಜಲೀಸಿನಲ್ಲಿ ತೋರಿಸಿದ ಕ್ರೇಟರ್. ಇದನ್ನು ಟೀಕಿಸಲೆಂದೇ ಕುಳಿತವನು ಎರಡು ಕಡೆ ಮೆಚ್ಚಬೇಕಾಯಿತು. ಬಾನೆಟ್ಟಿನ ಮೂಲೆಗಳಿಂದ ಚಾವಣಿಯವರೆಗೆ ಎರಡು ತಂತಿಹಗ್ಗಗಳನ್ನು ಬಿಗಿದಿದ್ದಾರೆ. ಕೊಂಬೆಗಳು ಗಾಜಿಗೆ ಬಡಿಯದೆ ಹಗ್ಗದ ಮೇಲೆ ಜಾರಿ ಮೇಲಕ್ಕೆ ಹೋಗುತ್ತವೆ. ಲಂಟಾನ ಬೆಳೆದ ದಾರಿಯಲ್ಲಿ ಓಡಾಡಿದ ಯಾರಿಗೇ ಆದರೂ ಇದರ ಬೆಲೆ ತಿಳಿಯುತ್ತದೆ. ಎರಡನೆಯದಾಗಿ, ಪಕ್ಕದ ಕನ್ನಡಿಯ ಜಾಗದಲ್ಲಿರುವ ಕ್ಯಾಮೆರಾವನ್ನು ಕಿತ್ತು ಬ್ಯಾಟರಿ ದೀಪವಾಗಿ ಕೈಯಲ್ಲಿ ಹಿಡಿಯಬಹುದು. ರಾತ್ರಿ ಚಕ್ರ ಬದಲಿಸುವಾಗ ಬಾಯಲ್ಲಿ ಟಾರ್ಚು ಕಚ್ಚಿಕೊಂಡವರನ್ನು ನಾನು ಕಂಡಿದ್ದೇನೆ. ಆದರೆ ಅದೇ ಗಾಡಿಯಲ್ಲಿ, ಕೆಸರಿನಲ್ಲಿ ಹುಗಿದಾಗ ಹಗ್ಗ ಕಟ್ಟಿ ಎಳೆಯುವ ಮುಂದಿನ ಕೊಕ್ಕೆಯೊಳಗೆ ಸೀಸೆಯ ಮುಚ್ಚಳ ತೆಗೆಯುವ ಸಾಧನವನ್ನೂ ಸೇರಿಸಿದ್ದಾರೆ. ಆ ಕೊಕ್ಕೆಯನ್ನು ಮುಟ್ಟುವವನು ಯಾವ ಸ್ಥಿತಿಯಲ್ಲಿರುತ್ತಾನೆಂದು ಅದನ್ನು ಬರೆದವರು ಊಹಿಸಿಕೊಂಡದ್ದೇ ಬೇರೆ, ನಾನು ಕಂಡದ್ದೇ ಬೇರೆ.

ನಾನು ಕಂಡದ್ದನ್ನು ಹೇಳಿಬಿಡುತ್ತೇನೆ. ನಿಮ್ಮಲ್ಲಿ ಕೆಲವರಿಗೆ ಈ ಕಥೆ ಗೊತ್ತು. ಕಥಾನಾಯಕನೇ ಇದನ್ನು ಓದುವವನಾದ್ದರಿಂದ ಹೆಸರು ಬರೆಯುವುದಿಲ್ಲ.

1986ರ ಜುಲೈ. ಹತ್ತನೆಯ ತರಗತಿಯ ಹುಡುಗನೊಬ್ಬನಿಗೆ ಸಂಜೆ ತೋಟದ ಕಾಲುವೆಯಲ್ಲಿ ಹಾವು ಕಚ್ಚಿತು. ಕೊಳಕುಮಂಡಲವೆಂದು ಮನೆಯವರ ಅಂದಾಜು. ಕಾಲು ಊದಿಕೊಳ್ಳುತ್ತಿತ್ತು. ಮೇಲೆ ಬಟ್ಟೆ ಬಿಗಿದು ಕಟ್ಟಿದ್ದೆವು. ಹಾಗೆ ಬಿಗಿಯಬಾರದೆಂದು ಈಗ ಎಲ್ಲ ವೈದ್ಯರೂ ಹೇಳುತ್ತಾರೆ, ಆಗ ನಮಗೆ ತಿಳಿದಿದ್ದು ಅಷ್ಟೇ. ಊರಿಗೆ ಇದ್ದದ್ದು ಒಂದೇ ಪೆಟ್ರೋಲ್ ಜೀಪು, ಗಿಡ್ಡ ಮೈಯದು. ಅದರ ಚಾಲಕನನ್ನು ಮಕ್ಕಳು ಜೀಪಣ್ಣ ಎನ್ನುತ್ತಿದ್ದರು. ಹಿಂದಿನ ಗಾಲಿಗಳಿಗೆ ಸರಪಳಿ ಸುತ್ತಿಕೊಂಡೇ ಬಂದ. ತಾಲ್ಲೂಕು ಆಸ್ಪತ್ರೆಗೆ 31 ಕಿಲೋಮೀಟರ್, ನಡುವೆ ಒಂದು ಹಳ್ಳ. ಸೇತುವೆ ಇರಲಿಲ್ಲ.

ಹುಡುಗನನ್ನು ಮಲಗಿಸಿಯೇ ಒಯ್ಯಬೇಕಿತ್ತು. ಜೀಪಿನ ಹಿಂದೆ ನಡುವಿನ ಜಾಗ ನಾಲ್ಕಡಿಗಿಂತ ಕಡಿಮೆ, ಹುಡುಗ ಐದಡಿ ದಾಟಿದವನು. ಓರೆಯಾಗಿ ಮಲಗಿಸೋಣವೆಂದರೆ ಎರಡೂ ಪಕ್ಕ ಗಾಲಿಯ ಮೇಲಿನ ಪೆಟ್ಟಿಗೆಗಳು ಅಡ್ಡ. ಕೊನೆಗೆ ತಲೆಯನ್ನು ತಾಯಿಯ ತೊಡೆಯ ಮೇಲಿಟ್ಟು, ಹಿಂದಿನ ಹಲಗೆಯನ್ನು ಇಳಿಸಿ, ಅದರ ಮೇಲೆ ನಾನು ಕುಳಿತು, ಹೊರಗೆ ಚಾಚಿದ ಅವನ ಎರಡು ಕಾಲುಗಳನ್ನು ಮಡಿಲಿನಲ್ಲಿ ಹಿಡಿದುಕೊಂಡೆ. ಮೇಲೆ ಕಂಬಳಿಕೊಪ್ಪೆ. ಹಳ್ಳದ ಹತ್ತಿರ ಜೀಪಣ್ಣ ಗಾಡಿ ನಿಲ್ಲಿಸಿ ಇಳಿದ. ಎಂಜಿನ್ನಿನ ಫ್ಯಾನು ತಿರುಗಿದರೆ ನೀರನ್ನು ಡಿಸ್ಟ್ರಿಬ್ಯೂಟರಿನ ಮೇಲೆ ಎರಚುತ್ತದೆ, ಅದು ನೆನೆದರೆ ಪೆಟ್ರೋಲ್ ಗಾಡಿಗೆ ಕಿಡಿ ಹುಟ್ಟುವುದಿಲ್ಲ. ಅದಕ್ಕಾಗಿ ಅವನು ಫ್ಯಾನಿನ ಬೆಲ್ಟನ್ನೇ ಬಿಚ್ಚಿದ, ಡಿಸ್ಟ್ರಿಬ್ಯೂಟರಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದ. ಕತ್ತಲೆ, ಮಳೆ, ಬಾಯಲ್ಲಿ ಟಾರ್ಚು. ನನಗೆ ಅದು ಒಂದು ಗಂಟೆಯಂತೆ ಕಂಡಿತು, ಹತ್ತು ನಿಮಿಷವಿರಬೇಕು. ನೀರಿಗೆ ಇಳಿದಾಗ ನನ್ನ ಕಾಲೂ ಹುಡುಗನ ಹಿಮ್ಮಡಿಯೂ ನೀರಿನಲ್ಲಿದ್ದವು. ಆಚೆ ದಡ ಹತ್ತುವಾಗ ಗಾಡಿ ಮುಂದಕ್ಕೆ ಎದ್ದು, ಅವನು ನನ್ನ ಕಡೆಗೆ ಜಾರತೊಡಗಿದ. ತಾಯಿ ಅವನ ಕಂಕುಳಲ್ಲಿ ಕೈ ಹಾಕಿ ಹಿಡಿದರು, ನಾನು ಪಾದ ಒತ್ತಿ ಹಿಡಿದೆ. ಆ ಸಮಯದಲ್ಲಿ ಜೀಪಿನ ಮುಂಭಾಗ ಹೇಗಿತ್ತೆಂದು ನನ್ನನ್ನು ಕೇಳಿದರೆ ನಾನು ಹೇಳಲಾರೆ.

ಹುಡುಗ ಉಳಿದ. ಈಗ ಎರಡು ಎಕರೆ ಅಡಿಕೆ ತೋಟ, ಮನೆ ಮುಂದೆ ಹೊಸ ಗಾಡಿ. ಕಳೆದ ವರ್ಷ ಅವನ ಮನೆಗೆ ಹೋದಾಗ ಗಾಡಿಯ ಹಿಂಬಾಗಿಲು ತೆಗೆದು ತೋರಿಸಿ, "ಸಾರ್, ಇದರಲ್ಲೂ ನನ್ನ ಕಾಲು ಹೊರಗೇ" ಎಂದು ನಕ್ಕ.

ಆ ರಾತ್ರಿಯಿಂದ ಜೀಪನ್ನು ನಾನು ಹಿಂದಿನಿಂದ ನೋಡುವುದನ್ನು ರೂಢಿಸಿಕೊಂಡೆ. ಕಾನ್ಸೆಪ್ಟುಗಳ ಚಿತ್ರಗಳಲ್ಲಿ ಶೇಕಡಾವಾರು ಲೆಕ್ಕ ಹಾಕಬೇಕಿಲ್ಲ, ಬಹುತೇಕ ಎಲ್ಲವೂ ಮುಂದಿನಿಂದ ತೆಗೆದವು. ಮುಖ, ದೀಪ, ಜಾಲರಿ, ಉಬ್ಬಿದ ಭುಜ. ಚಾಲಕನ ಮುಂದಿನ ಪರದೆ ಎಷ್ಟು ಅಗಲವೆಂದು ಒಂದು ಪುಟ ವಿವರ. ಹಿಂದಿನ ನೆಲ ಎಷ್ಟು ಉದ್ದ, ಎಷ್ಟು ಎತ್ತರ, ಹಿಡಿದು ಹತ್ತಲು ಕಂಬಿ ಇದೆಯೇ ಎಂಬ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಸೀಮೆಯಲ್ಲಿ ಜೀಪು ಹತ್ತುವವರಲ್ಲಿ ಮುಂದಿನಿಂದ ಹತ್ತುವವರು ಇಬ್ಬರು, ಹಿಂದಿನಿಂದ ಹತ್ತುವವರು ಹತ್ತು ಹದಿನೈದು. 90ರ ದಶಕದ ಕಮಾಂಡರ್ ಜೀಪುಗಳು, ಟ್ರ್ಯಾಕ್ಸುಗಳು ಮಲೆನಾಡನ್ನು ಗೆದ್ದದ್ದು ಅವುಗಳ ಮುಖದ ಚೆಲುವಿನಿಂದಲ್ಲ, ಹಿಂದಿನ ಉದ್ದದಿಂದ. ಕೊಡಚಾದ್ರಿಗೆ ಯಾತ್ರಿಕರನ್ನು ಹೊತ್ತು ಹತ್ತುವ ಜೀಪುಗಳ ಹಿಂದಿನ ಕಂಬಿಗಳನ್ನು ನೋಡಿ, ಬಣ್ಣ ಹೋಗಿ ಕೈಗಳ ಉಜ್ಜಾಟದಿಂದ ಹೊಳೆಯುತ್ತಿರುತ್ತವೆ.

2025ರ ಆಗಸ್ಟ್ 15ರಂದು ಮುಂಬಯಿಯಲ್ಲಿ ಮಹೀಂದ್ರದವರು ನಾಲ್ಕು ಕಾನ್ಸೆಪ್ಟುಗಳನ್ನು ಒಟ್ಟಿಗೆ ತೋರಿಸಿದರು. ಅವುಗಳಲ್ಲಿ ವಿಷನ್ ಎಸ್‌ಎಕ್ಸ್‌ಟಿ ಎಂಬುದಕ್ಕೆ ಹಿಂದೆ ತೆರೆದ ಅಂಕಣವಿದೆ. ಚಿತ್ರ ನೋಡಿದ ತಕ್ಷಣ ನನಗೆ ಸಂತೋಷವಾಯಿತು, ಕೊನೆಗೂ ಯಾರೋ ಹಿಂದಕ್ಕೆ ತಿರುಗಿ ನೋಡಿದರಲ್ಲ ಎಂದು. ಹತ್ತಿರದಿಂದ ನೋಡಿದರೆ ಆ ಅಂಕಣದಲ್ಲಿ ಎರಡು ಹೆಚ್ಚುವರಿ ಚಕ್ರಗಳು ಮಲಗಿವೆ. ದೇಶದ ಗುಡ್ಡಗಾಡಿಗೆ ಏಳು ದಶಕಗಳಿಗೂ ಮೀರಿ ಜೀಪು ಕೊಟ್ಟ ಮನೆತನ ಅದು. ಅವರಿಗೆ ತಿಳಿಯದ ವಿಷಯವೇನಲ್ಲ, ಅಂದದ ಆಸೆ ಮೇಲಾಯಿತು ಅಷ್ಟೆ.

ಬೇರೆ ದಾರಿ ಇಲ್ಲವೆಂದೇನೂ ಅಲ್ಲ. ರೇಸಿನ ಕಾರುಗಳಿಗೆ ಹೆಸರಾದ ಗಾರ್ಡನ್ ಮರ್ರೆ ಎಂಬ ವಿನ್ಯಾಸಕಾರರು ಟಾರ್ಕ್ವಿಲ್ ನಾರ್ಮನ್ ಎಂಬ ಹಿರಿಯರ ಕೋರಿಕೆಯಂತೆ ಓಎಕ್ಸ್ ಎಂಬ ಲಾರಿಯೊಂದನ್ನು ರೂಪಿಸಿ 2016ರಲ್ಲಿ ತೋರಿಸಿದರು. ಅದನ್ನು ಬಿಡಿಬಿಡಿಯಾಗಿ ಚಪ್ಪಟೆ ಕಟ್ಟಿನಲ್ಲಿ ಕಳಿಸುತ್ತಾರೆ. ಮೂವರು ಸೇರಿ ಸುಮಾರು ಹನ್ನೆರಡು ಗಂಟೆಯಲ್ಲಿ ಜೋಡಿಸಬಹುದು. ಚಾಲಕ ನಡುವೆ ಕೂರುತ್ತಾನೆ, ಎಡಗೈ ದೇಶಕ್ಕೊಂದು, ಬಲಗೈ ದೇಶಕ್ಕೊಂದು ಎಂದು ಮಾಡಬೇಕಿಲ್ಲ. (ವಿಲ್ಕ್ಸ್ ಅವರ ಕೈಬಿಟ್ಟ ಆಲೋಚನೆ ಎಪ್ಪತ್ತು ವರ್ಷದ ಮೇಲೆ ಇನ್ನೊಬ್ಬರ ಬಳಿ ಕೆಲಸಕ್ಕೆ ಬಂತು.) 1,900 ಕಿಲೋಗ್ರಾಂ ಹೊರೆ ಅಥವಾ ಹದಿಮೂರು ಜನ. ಹಿಂದಿನ ಬೆಂಚಿನ ಉದ್ದ ಭಾಗಗಳನ್ನು ಕಿತ್ತು ಕೆಸರಿನಲ್ಲಿ ಚಕ್ರದ ಕೆಳಗೆ ಹಾಸಬಹುದು. ಇದನ್ನು ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಮ್ಮ ಜೀಪಣ್ಣ ಅದಕ್ಕೆಂದೇ ಎರಡು ಹಲಗೆಗಳನ್ನು ಗಾಡಿಯಲ್ಲಿಟ್ಟುಕೊಂಡು ಓಡಾಡುತ್ತಿದ್ದ, ಅವುಗಳ ಮೇಲೆ ಜನರನ್ನೂ ಕೂರಿಸುತ್ತಿದ್ದ! ಆ ಲಾರಿಯಲ್ಲಿ ಶಕ್ತಿ ಹರಿಯುವುದು ಎರಡೇ ಚಕ್ರಕ್ಕೆ. ನಾಲ್ಕು ಚಕ್ರದ ಅಭಿಮಾನಿಗಳು ಮೂಗು ಮುರಿಯಬಹುದು. ಆದರೆ ಹಗುರ ಮೈ, ಎತ್ತರದ ಹೊಟ್ಟೆ, ಮುಂಗಾಲಿಯ ಮೇಲೆ ಭಾರ ಇಷ್ಟಿದ್ದರೆ ಬಹುಪಾಲು ದಾರಿಗೆ ಸಾಕೆಂಬುದು ಅದನ್ನು ಮಾಡಿದವರ ಲೆಕ್ಕ.

ಟೊಯೋಟಾ ಕಂಪನಿಯು 2025ರ ಅಕ್ಟೋಬರಿನಲ್ಲಿ ಟೋಕಿಯೋದಲ್ಲಿ ತೋರಿಸಿದ ಐಎಂವಿ ಒರಿಜಿನ್ ಇನ್ನೂ ಒಂದು ಹೆಜ್ಜೆ ಮುಂದೆ. ಆಫ್ರಿಕದ ಹಳ್ಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅದು ಕಾರ್ಖಾನೆಯಲ್ಲಿ ಪೂರ್ಣವಾಗುವುದೇ ಇಲ್ಲ. ಅಲ್ಲಿಗೆ ಬಿಡಿಭಾಗಗಳಾಗಿ ಹೋಗಿ, ಅಲ್ಲಿಯವರ ಕೈಯಲ್ಲಿ ಜೋಡಣೆಯಾಗಿ, ಹಿಂದಿನ ಅಂಕಣದ ಮೇಲೆ ಜನರನ್ನು ಕೂರಿಸುವುದೋ ಹೊರೆ ಹೇರುವುದೋ ಎಂಬುದನ್ನು ಕೊಂಡವರೇ ತೀರ್ಮಾನಿಸಬೇಕು. ಅಪೂರ್ಣವಾಗಿ ಬಿಡುವುದೂ ಒಂದು ವಿನ್ಯಾಸವೆಂಬುದು ನನಗೆ ಹೊಸ ಪಾಠ.

ವಿದ್ಯುತ್ ಗಾಡಿಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆಯೆಂದೂ ಇಲ್ಲಿ ಹೇಳಬೇಕು. ಮೊದಲು ನಾನು ಅವು ಪಟ್ಟಣದ ಆಟಿಕೆಗಳೆಂದು ವಾದಿಸುತ್ತಿದ್ದೆ. ಯೋಚಿಸಿ ನೋಡಿದರೆ ದಿಬ್ಬ ಹತ್ತಲು ಬೇಕಾದ ತಿರುಚುಬಲ ಮೋಟಾರಿನಲ್ಲಿ ನಿಂತ ಸ್ಥಿತಿಯಿಂದಲೇ ಸಿಗುತ್ತದೆ. ಕಿಡಿ ಹುಟ್ಟಿಸುವ ಡಿಸ್ಟ್ರಿಬ್ಯೂಟರಿಲ್ಲ, ಬಿಚ್ಚಬೇಕಾದ ಫ್ಯಾನ್ ಬೆಲ್ಟಿಲ್ಲ. ನೀರು ಹೊಗದಂತೆ ಮುಚ್ಚಿದ ಮೋಟಾರು ನಮ್ಮ ಹಳ್ಳದಲ್ಲಿ ಆ ರಾತ್ರಿಯ ಜೀಪಿಗಿಂತ ನೆಮ್ಮದಿಯಾಗಿ ದಾಟಬಹುದಿತ್ತು. ಅಡ್ಡಿ ಇರುವುದು ಭಾರದಲ್ಲಿ ಮತ್ತು ಕರೆಂಟಿನಲ್ಲಿ. ಮಳೆಗಾಲದಲ್ಲಿ ಮರ ಬಿದ್ದು ನಾಲ್ಕು ದಿನ ವಿದ್ಯುತ್ತಿಲ್ಲದ ಮನೆಗಳಿಗೆ ಯಾರಾದರೂ ಇದರ ಉತ್ತರ ಕೊಡಬೇಕು. ಆ ನಾಲ್ಕು ದಿನ ಗಾಡಿಯ ಬ್ಯಾಟರಿಯೇ ಮನೆಗೆ ದೀಪ ಕೊಡುವುದಾದರೆ ಬೇರೆ ಮಾತು. ಆದರೆ ಐದನೆಯ ದಿನ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ?

"ಈಗ 108 ಇದೆಯಲ್ಲ ಮಾವ, ರಸ್ತೆಗಳೂ ಆಗಿವೆ" ಎಂದು ನನ್ನ ಅಳಿಯಂದಿರು ವಾದಿಸುತ್ತಾರೆ. ನಿಜ. 2008ರ ನವೆಂಬರಿನಲ್ಲಿ ನಮ್ಮ ರಾಜ್ಯಕ್ಕೆ ಆ ಸೇವೆ ಬಂದ ಮೇಲೆ ಎಷ್ಟೋ ಜೀವ ಉಳಿದಿವೆ. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆಯೂ ತೆರೆಯಿತು. ಲಾಂಚಿಗಾಗಿ ದಡದಲ್ಲಿ ಕಾಯುವುದು ತಪ್ಪಿತು. ಆದರೆ ಆಂಬುಲೆನ್ಸು ಬಂದು ನಿಲ್ಲುವ ಡಾಂಬರಿನಿಂದ ಮನೆಯ ಅಂಗಳಕ್ಕೆ ಇನ್ನೂ ಒಂದೋ ಎರಡೋ ಕಿಲೋಮೀಟರ್ ಕೆಂಪು ಮಣ್ಣಿನ ಇಳಿಜಾರು ಉಳಿದಿರುವ ಮನೆಗಳು ಎಷ್ಟಿಲ್ಲ? ಆ ಎರಡು ಕಿಲೋಮೀಟರಿಗೆ ಈಗಲೂ ಯಾರದೋ ಜೀಪನ್ನೇ ಕೂಗಬೇಕು. ನನ್ನ ಮಾತೆಲ್ಲ ಆ ಎರಡು ಕಿಲೋಮೀಟರಿನ ಬಗ್ಗೆ.

ಇನ್ನೊಂದು ಬೇಸರ. ಜಾಹೀರಾತುಗಳಲ್ಲಿ ಈ ಗಾಡಿಗಳು ತೊರೆಯ ನೀರನ್ನು ಎರಡಾಳೆತ್ತರಕ್ಕೆ ಚಿಮ್ಮಿಸುತ್ತ, ಹುಲ್ಲುಗುಡ್ಡದ ನೆತ್ತಿಯ ಮೇಲೆ ಓಡುತ್ತವೆ. ಅದನ್ನು ನೋಡಿದ ಹುಡುಗರು ಶನಿವಾರ ಭಾನುವಾರ ನಮ್ಮ ಗುಡ್ಡಗಳಿಗೆ ಬಂದು ಅದನ್ನೇ ಮಾಡುತ್ತಾರೆ. ಹಳ್ಳವನ್ನು ದಾಟಲೇಬೇಕಾದ ಚಾಲಕ ನೀರು ಚಿಮ್ಮಿಸುವುದಿಲ್ಲ. ಇಳಿದು, ಕೋಲಿನಿಂದ ಆಳ ನೋಡಿ, ಮೆಲ್ಲಗೆ ದಾಟುತ್ತಾನೆ.

ಮಗೂ, ನಿನಗೆ ಹೇಳಬೇಕಾದದ್ದು ಇಷ್ಟೇ. ನಿಮ್ಮ ಗಾಡಿಯ ಮುಖ ನಿಮ್ಮಿಷ್ಟದಂತಿರಲಿ, ಪರದೆ ಎಷ್ಟು ಅಗಲ ಬೇಕಾದರೂ ಇರಲಿ. ಜೇಡಿಮಣ್ಣಿನಲ್ಲಿ ಪೂರ್ಣ ಗಾತ್ರದ ಮಾದರಿ ಮಾಡಿಕೊಳ್ಳುತ್ತೀರೆಂದು ನೀನೇ ಹೇಳಿದ್ದೆ. ಅದು ಬಣ್ಣ ಕಾಣುವ ಮೊದಲು, ಹಿಂದಿನ ನೆಲದ ಅಳತೆಗೆ ಸರಿಯಾಗಿ ಕಚೇರಿಯ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಚೌಕ ಬರೆ. ಗಾಲಿಯ ಪೆಟ್ಟಿಗೆಗಳನ್ನೂ ಅದರಲ್ಲಿ ಗುರುತಿಸು. ನಿಮ್ಮ ತಂಡದಲ್ಲಿ ಐದೂವರೆ ಅಡಿ ಇರುವ ಯಾರನ್ನಾದರೂ ಕಾಲು ಮಡಚದೆ ಅದರೊಳಗೆ ಮಲಗಲು ಹೇಳು, ಒಬ್ಬರು ತಲೆಯ ಹತ್ತಿರ ಕೂರಲಿ. ಆಮೇಲೆ ಪಾದ ಎಷ್ಟು ಇಂಚು ಹೊರಗೆ ಉಳಿಯಿತೆಂದು ಅಳೆದು ನನಗೆ ಬರೆ.

ನಿಮ್ಮ ಮೇಷ್ಟ್ರು